ತುಳಸಿ ಕುಂಡದಲ್ಲಿ ಹುಡುಕಿದ ಗುಳಿಗೆ

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಹೇಳುವ ಸಂಗತಿಯಲ್ಲಿ ನಾನು ಅಷ್ಟೇನೂ ಚೆಂದ ಕಾಣುವುದಿಲ್ಲ. ನಮ್ಮ ಅತ್ತೆಯವರು ಗುಳಿಗೆ ನುಂಗುವ ವಿಷಯದಲ್ಲಿ ಸುಳ್ಳು ಹೇಳುತ್ತಿದ್ದಾರೆ ಎಂದು ನಾನು ಬಹಳ ದಿನ ನಂಬಿದ್ದೆ. ನಂಬಿ ಸುಮ್ಮನಿದ್ದಿದ್ದರೆ ಆಗುತ್ತಿತ್ತು, ಡಾಕ್ಟರಿಗೂ ಹೇಳಿದ್ದೆ, ಗಂಡನಿಗೂ ಹೇಳಿದ್ದೆ, ಫೋನಿನಲ್ಲಿ ಹುಬ್ಬಳ್ಳಿಯ ತವರಿಗೂ ಹೇಳಿ ನಗಿಸಿದ್ದೆ.

ನಾನು ಪುಣೆಯ ಸದಾಶಿವ ಪೇಠದಲ್ಲಿರುವ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಹಾರ್ಮೋನು ವಿಭಾಗ ನನ್ನದು. ಕೆಳಗಿನ ಮಹಡಿಯಲ್ಲಿ ಸರಕಾರಿ ನೌಕರಿಯ ಪರೀಕ್ಷೆಗೆ ತಯಾರಿ ಮಾಡಿಸುವ ಕ್ಲಾಸು ನಡೆಯುತ್ತದೆ. ಜೂನ್ ಬಂತೆಂದರೆ ಹೊಸ ಹುಡುಗರು ಮೆಟ್ಟಿಲು ತಪ್ಪಿ ನಮ್ಮ ಕೌಂಟರಿಗೆ ಬಂದು ಫೀ ಎಷ್ಟು ಎಂದು ಕೇಳುತ್ತಾರೆ. ನಮ್ಮ ಟೆಕ್ನಿಷಿಯನ್ ಬಾಯಿ, ಇಪ್ಪತ್ತು ವರ್ಷದಿಂದ ರಕ್ತ ಎಳೆಯುತ್ತಿರುವ ಮರಾಠಿ ಹೆಂಗಸು, ತೋಳು ಮಡಚಲು ಹೇಳಿ ಅವರನ್ನು ಬೆಚ್ಚಿಬೀಳಿಸುತ್ತಾರೆ. ನಮಗೆ ದಿನವೂ ಇಷ್ಟು ಮಜಾ ಸಿಗುತ್ತದೆ.

ಅತ್ತೆಯವರು ಧಾರವಾಡದ ಹೆಣ್ಣುಮಕ್ಕಳ ಶಾಲೆಯಲ್ಲಿ ಮೂವತ್ತಾರು ವರ್ಷ ಗಣಿತ ಕಲಿಸಿದವರು. ಮಾವನವರು ತೀರಿಕೊಂಡ ಮೇಲೆ ನಮ್ಮ ಜೊತೆ ಕೋಥರೂಡಿನ ಫ್ಲ್ಯಾಟಿಗೆ ಬಂದರು. ಬಂದ ಒಂದೇ ತಿಂಗಳಲ್ಲಿ ಕಟ್ಟಡದ ಮರಾಠಿ ಆಜಿಗಳ, ಎಂದರೆ ಅಜ್ಜಿಯರ, ರಮ್ಮಿ ಗುಂಪಿಗೆ ಸೇರಿ, ಎರಡನೇ ತಿಂಗಳಿನಿಂದ ಅವರನ್ನು ಸೋಲಿಸಲು ಶುರುಮಾಡಿದರು. ಯಾರ ಕೈಯಲ್ಲಿ ಯಾವ ಎಲೆ ಇದೆ ಎಂದು ಲೆಕ್ಕ ಹಾಕಿಯೇ ಹೇಳುತ್ತಾರೆ. ಧಾರವಾಡದ ಧಾಟಿಯ ಅವರ ಮರಾಠಿಯನ್ನು ಆಜಿಗಳು ನಕ್ಕು ತಿದ್ದುತ್ತಿದ್ದರು, ಇವರು ಅವರ ಆಟವನ್ನು ತಿದ್ದುತ್ತಿದ್ದರು. ಎಪ್ಪತ್ತು ದಾಟಿದ ಮೇಲೂ ಅವರಿಗೆ ಇದ್ದ ಕಾಯಿಲೆ ಒಂದೇ, ಥೈರಾಯಿಡ್ ಕಡಿಮೆ. ಅದಕ್ಕೆ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಸಣ್ಣ ಗುಳಿಗೆ. ಅದನ್ನು ನುಂಗಿ ಅರ್ಧ ಗಂಟೆ ಚಹಾ ಕುಡಿಯಬಾರದು. ಹದಿನೈದು ವರ್ಷದಿಂದ ಹೀಗೇ ನಡೆದುಕೊಂಡು ಬಂದಿತ್ತು.

ಇಲ್ಲಿ ಒಂದು ಮಾತು ಹೇಳಬೇಕು. ಕುತ್ತಿಗೆಯಲ್ಲಿರುವ ಥೈರಾಯಿಡ್ ಗ್ರಂಥಿ ಸೋಮಾರಿಯಾದರೆ, ತಲೆಯೊಳಗಿನ ಇನ್ನೊಂದು ಗ್ರಂಥಿ ಟಿಎಸ್‌ಎಚ್ ಎಂಬ ಹಾರ್ಮೋನನ್ನು ಹೆಚ್ಚು ಹೆಚ್ಚು ಕಳಿಸಿ ಅದನ್ನು ಎಬ್ಬಿಸಲು ನೋಡುತ್ತದೆ. ಹಾಗಾಗಿ ರಕ್ತದಲ್ಲಿ ಟಿಎಸ್‌ಎಚ್ ಏರಿದ್ದರೆ ಗುಳಿಗೆ ಸಾಲುತ್ತಿಲ್ಲ ಎಂದು ಅರ್ಥ, ಇಳಿದಿದ್ದರೆ ಗುಳಿಗೆ ಜಾಸ್ತಿಯಾಗಿದೆ ಎಂದು ಅರ್ಥ. ನನ್ನ ಹೊಟ್ಟೆಪಾಡಿನ ಅರ್ಧ ಭಾಗ ನಡೆಯುವುದು ಈ ಒಂದು ಅಂಕಿಯ ಮೇಲೆ.

ನಮ್ಮ ಲ್ಯಾಬಿಗೆ ಹೊಸ ಯಂತ್ರ ಬಂದದ್ದು ನನ್ನ ಹಟದಿಂದ. ಹಳೆಯದು ವಾರಕ್ಕೊಮ್ಮೆ ಮುನಿಸಿಕೊಳ್ಳುತ್ತಿತ್ತು. ಮಾಲೀಕರ ಜೊತೆ ಎರಡು ವರ್ಷ ಜಗಳವಾಡಿ ತರಿಸಿದೆ. ಬಂದ ದಿನ ತೆಂಗಿನಕಾಯಿ ಒಡೆದೆವು, ಖಂಡೇನವಮಿಯ ಆಯುಧಪೂಜೆಗೆ ಚೆಂಡುಹೂವಿನ ಹಾರ ಹಾಕಿ ಕುಂಕುಮ ಹಚ್ಚಿದೆವು. ಕುಂಕುಮ ಒಳಗೆ ಬಿದ್ದೀತು ಎಂದು ಕಂಪನಿಯ ಇಂಜಿನಿಯರು ಗೋಳಾಡಿದ. ನಾನು ಕೇಳಲಿಲ್ಲ. ಆ ಯಂತ್ರವನ್ನು ಯಾರಾದರೂ ಒರಟಾಗಿ ಮುಟ್ಟಿದರೂ ನನ್ನ ಮುಖ ಗಂಟಾಗುತ್ತಿತ್ತು.

ಮನೆಯವರ ರಕ್ತವನ್ನು ನಾನೇ ತೆಗೆದು, ನಾನೇ ಆ ಯಂತ್ರಕ್ಕೆ ಹಾಕಿ, ನಾನೇ ರಿಪೋರ್ಟಿಗೆ ಸಹಿ ಹಾಕುವುದು ನಮ್ಮಲ್ಲಿ ಪದ್ಧತಿ. ಮನೆಯಲ್ಲಿ ಅಡುಗೆ ಇಟ್ಟುಕೊಂಡು ಹೊಟೇಲಿನಿಂದ ಊಟ ತರಿಸುವ ಹಾಗೆ, ಅವರ ರಕ್ತವನ್ನು ಬೇರೆ ಲ್ಯಾಬಿಗೆ ಕಳಿಸುವುದು ನನ್ನ ಜಂಬಕ್ಕೆ ಕಡಿಮೆ ಎನಿಸುತ್ತಿತ್ತು. ಆ ವರ್ಷ ಅತ್ತೆಯವರ ಟಿಎಸ್‌ಎಚ್ ಮೊದಲ ಸಲ ಏರಿ ಬಂತು. ಡಾಕ್ಟರು ಗುಳಿಗೆಯ ಪ್ರಮಾಣ ಸ್ವಲ್ಪ ಹೆಚ್ಚಿಸಿದರು. ಮತ್ತೆ ನೋಡಿದರೆ ಅಷ್ಟೇ ಇತ್ತು. ಇನ್ನೂ ಹೆಚ್ಚಿಸಿದರು. ಮೂರನೆಯ ಸಲವೂ ಹತ್ತೊಂಬತ್ತರ ಆಸುಪಾಸು. ಐದು ದಾಟಬಾರದ ಅಂಕಿ ಅದು.

"ಅತ್ತ್ಯಾರ, ಗುಳಿಗಿ ನುಂಗಿದ ಕೂಡ್ಲೇ ಚಾ ಕುಡೀತೀರೇನ್ರಿ?" ಎಂದು ಕೇಳಿದೆ.

"ಇಲ್ಲವಾ. ಗಡಿಯಾರ ನೋಡ್ಕೋತ ಕೂಡತೇನಿ."

"ಒಮ್ಮೊಮ್ಮೆ ಮರೀತೀರೇನು?"

"ನಾನು? ಮರೀಲಿಕ್ಕೆ?"

ರಮ್ಮಿಯಲ್ಲಿ ಮೂರು ಸುತ್ತು ಹಿಂದೆ ಯಾರು ಯಾವ ಎಲೆ ಬಿಟ್ಟರು ಎಂದು ಹೇಳುವವರು ಅವರು. ಆ ಪ್ರಶ್ನೆ ಕೇಳಿದ್ದಕ್ಕೆ ನನಗೇ ನಗು ಬರಬೇಕಿತ್ತು. ಬರಲಿಲ್ಲ. ನನ್ನ ಹೊಸ ಯಂತ್ರ ಹತ್ತೊಂಬತ್ತು ಎನ್ನುತ್ತಿತ್ತು.

ಅಷ್ಟರಲ್ಲಿ ಅತ್ತೆಯವರು ಸೊರಗತೊಡಗಿದರು. ರಾತ್ರಿ ನಿದ್ದೆ ಇಲ್ಲ, ಕೂತಲ್ಲೇ ಬೆವರು, ಎದೆ ಡಬಡಬ ಹೊಡೆದುಕೊಳ್ಳುತ್ತದೆ ಎನ್ನುತ್ತಿದ್ದರು. ಕೈ ಎಷ್ಟು ನಡುಗುತ್ತಿತ್ತೆಂದರೆ ರೊಟ್ಟಿ ತಟ್ಟುವಾಗ ಅಂಚು ಹರಿಯುತ್ತಿತ್ತು, ರಮ್ಮಿ ಆಡುವಾಗ ಎಲೆಗಳು ಎದುರಿನವರಿಗೆ ಕಾಣುತ್ತಿದ್ದವು. ಆಜಿಗಳು ಅವರನ್ನು ಸೋಲಿಸಲು ಶುರುಮಾಡಿದರು. ಅದು ಅವರಿಗೆ ಎದೆ ಹೊಡೆದುಕೊಳ್ಳುವುದಕ್ಕಿಂತ ದೊಡ್ಡ ಕಾಯಿಲೆಯಾಗಿತ್ತು.

ಈ ಸಲ ಡಾಕ್ಟರು ಟಿಎಸ್‌ಎಚ್ ಜೊತೆ ಥೈರಾಯಿಡ್ ಹಾರ್ಮೋನನ್ನೂ ಪರೀಕ್ಷಿಸಲು ಬರೆದರು. ಅದು ಹೆಚ್ಚಾಗಿ ಬಂತು. ಟಿಎಸ್‌ಎಚ್ ಕೂಡ ಹೆಚ್ಚು. ಎರಡೂ ಒಟ್ಟಿಗೆ ಏರುವುದು ವಿಚಿತ್ರ. ಆದರೆ ಡಾಕ್ಟರುಗಳಿಗೂ ನಮಗೂ ಚೆನ್ನಾಗಿ ಗೊತ್ತಿರುವ ಒಂದು ಜಾತಿಯ ರೋಗಿಗಳಲ್ಲಿ ಹೀಗಾಗುತ್ತದೆ. ವಾರಗಟ್ಟಲೆ ಗುಳಿಗೆ ನುಂಗುವುದಿಲ್ಲ, ರಕ್ತ ಕೊಡುವ ದಿನ ಹತ್ತಿರ ಬಂತು ಎಂದು ನಾಲ್ಕಾರು ಒಟ್ಟಿಗೆ ನುಂಗುತ್ತಾರೆ. ಗುಳಿಗೆಯ ಹಾರ್ಮೋನು ತಕ್ಷಣ ಏರುತ್ತದೆ, ಟಿಎಸ್‌ಎಚ್ ಇಳಿಯಲು ವಾರಗಳು ಬೇಕು, ಹೀಗಾಗಿ ಕಳ್ಳತನ ರಕ್ತದಲ್ಲೇ ಸಿಕ್ಕಿಬೀಳುತ್ತದೆ.

ಡಾಕ್ಟರು ನಮ್ಮ ಲ್ಯಾಬಿನ ಹತ್ತಿರವೇ ಕ್ಲಿನಿಕ್ ಇಟ್ಟಿರುವ ಮರಾಠಿಯವರು, ಸೌಮ್ಯ ಮನುಷ್ಯ. "ಆಜೀ, ಖರಂ ಸಾಂಗಾ," ನಿಜ ಹೇಳಿ ಎಂದು ನಗುತ್ತಲೇ ಕೇಳಿದರು. ಅತ್ತೆಯವರು ನಗಲಿಲ್ಲ. ದಿನಾ ತಗೋತೀನಿ ಎಂದು ತಮ್ಮ ಮರಾಠಿಯಲ್ಲಿ ಹೇಳಿದರು. ಡಾಕ್ಟರು ನನ್ನ ಕಡೆ ನೋಡಿದರು. ನಾನು ಏನೂ ಹೇಳದೆ ಇರಬಹುದಿತ್ತು. "ವಯಸ್ಸಾಯಿತಲ್ಲ ಸರ್," ಎಂದೆ. ಅವರು ಫೈಲಿನಲ್ಲಿ ಏನೋ ಬರೆದು, ಇನ್ನು ಮುಂದೆ ಗುಳಿಗೆಯನ್ನು ಮನೆಯವರೇ ಕೈಯಾರೆ ಕೊಡಲಿ, ಆರು ವಾರ ಬಿಟ್ಟು ಮತ್ತೆ ನೋಡೋಣ ಎಂದರು.

ಮನೆಗೆ ಬಂದ ಮೇಲೆ ಅತ್ತೆಯವರು ಕನ್ನಡಕ ಹಾಕಿಕೊಂಡು ಫೈಲು ತೆರೆದರು. ಡಾಕ್ಟರ ಅಕ್ಷರ ನನಗೂ ತಿಳಿಯುವುದಿಲ್ಲ. ಮೂವತ್ತಾರು ವರ್ಷ ಉತ್ತರಪತ್ರಿಕೆ ನೋಡಿದವರಿಗೆ ಅದು ಯಾವ ಲೆಕ್ಕ! ಇಂಗ್ಲಿಷಿನಲ್ಲಿ ಒಂದೇ ಸಾಲು ಇತ್ತು, ರೋಗಿ ಗುಳಿಗೆಯನ್ನು ಸರಿಯಾಗಿ ತೆಗೆದುಕೊಳ್ಳುವುದಿಲ್ಲ ಎಂದು.

"ಇದನ್ನ ಹೊಡದ ಹಾಕಸು," ಎಂದರು.

"ಅತ್ತ್ಯಾರ, ಅದು ಡಾಕ್ಟರು ಬರದದ್ದು. ನಾ ಹೆಂಗ..."

"ನಾಳೆ ನಾ ಸತ್ತರ ಈ ಕಾಗದ ಉಳೀತದ. ಇದರಾಗ ನಾ ಸುಳ್ಳಿ ಅಂತ ಬರದದ. ಹೊಡದ ಹಾಕಸು."

ನಮ್ಮವರು ಪೇಪರಿನಿಂದ ತಲೆ ಎತ್ತಿ, "ಅವ್ವಾ, ಒಂದು ಸಾಲಿಗೆ ಯಾಕ ಇಷ್ಟು ತಲಿ ಕೆಡಿಸ್ಕೋತಿ?" ಎಂದರು. ಅತ್ತೆಯವರು ಅವರ ಕಡೆ ನೋಡಿದ ನೋಟಕ್ಕೆ ಪೇಪರು ಮತ್ತೆ ಮೇಲೆ ಹೋಯಿತು. ನಮ್ಮವರು ಚಿಕ್ಕವರಿದ್ದಾಗ ಮನೆಪಾಠದಲ್ಲಿ ಸ್ನೇಹಿತನ ಲೆಕ್ಕ ನೋಡಿ ಬರೆದರೆಂದು ಸ್ವಂತ ಮಗನಿಗೇ ಸೊನ್ನೆ ಹಾಕಿದ ತಾಯಿ ಇವರು.

ಮರುದಿನದಿಂದ ನಾನು ಗುಳಿಗೆ ಪೊಲೀಸಾದೆ. ಬೆಳಗ್ಗೆ ಐದೂವರೆಗೆ ಎದ್ದು, ಗುಳಿಗೆಯನ್ನು ಅವರ ಅಂಗೈಗೆ ಹಾಕಿ, ನೀರಿನ ಲೋಟ ಕೊಟ್ಟು, ನುಂಗುವ ತನಕ ಎದುರಿಗೇ ನಿಲ್ಲುತ್ತಿದ್ದೆ. ಚಹಾಪುಡಿಯ ಡಬ್ಬಿಯನ್ನು ಮೇಲಿನ ಕಪಾಟಿಗೆ ಏರಿಸಿದೆ. ಎರಡನೆಯ ವಾರ ನನ್ನ ಸಂಶಯ ಇನ್ನೂ ಬೆಳೆದು, "ಬಾಯಿ ತಗೀರಿ," ಎಂದೂ ಹೇಳಿದೆ. ಎಪ್ಪತ್ತು ದಾಟಿದ ಆ ಹೆಂಗಸು ಶಾಲೆಯ ಹುಡುಗಿಯ ಹಾಗೆ ಬಾಯಿ ತೆರೆದು ನಾಲಿಗೆ ಎತ್ತಿ ತೋರಿಸಿದರು. ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ. ಆಗ ನನಗೆ ಜವಾಬ್ದಾರಿಯ ಸೊಸೆ ಎಂಬ ಭಾವನೆಯೇ ಇತ್ತು.

ಆರು ವಾರ ಕಳೆಯಿತು. ರಕ್ತ ತೆಗೆದು ಯಂತ್ರಕ್ಕೆ ಹಾಕಿದೆ. ಟಿಎಸ್‌ಎಚ್ ಇಪ್ಪತ್ತೊಂದು. ಥೈರಾಯಿಡ್ ಹಾರ್ಮೋನು ಇನ್ನಷ್ಟು ಮೇಲೆ.

ಯಾವ ಬುದ್ಧಿ ಇರುವ ಮನುಷ್ಯರಾದರೂ ಆ ಹೊತ್ತಿಗೆ ಯಂತ್ರದ ಕಡೆ ತಿರುಗಿ ನೋಡಬೇಕಿತ್ತು. ನನಗೆ ಮೊದಲು ಬಂದ ಯೋಚನೆ ಏನು ಗೊತ್ತೇ? ಇವರು ಹೇಗೆ ಮಾಡುತ್ತಿದ್ದಾರೆ! ನನ್ನ ಕಣ್ಣೆದುರಿಗೇ ಗುಳಿಗೆಯನ್ನು ಎಲ್ಲಿ ಅಡಗಿಸುತ್ತಾರೆ? ಮೆಟ್ಟಿಲು ಇಳಿಯುತ್ತಾ ಇದನ್ನೇ ಯೋಚಿಸಿದೆ, ಸ್ಕೂಟರಿನಲ್ಲಿ ಇದನ್ನೇ ಯೋಚಿಸಿದೆ. ನಲ್ ಸ್ಟಾಪಿನ ಸಿಗ್ನಲಿನಲ್ಲಿ ನಿಂತಾಗ ಹೊಳೆಯಿತು. ಗುಳಿಗೆ ನುಂಗಿದ ಮೇಲೆ ಅತ್ತೆಯವರು ಬಾಲ್ಕನಿಗೆ ಹೋಗಿ ತುಳಸಿಗೆ ನೀರು ಹಾಕುತ್ತಾರೆ. ದಿನಾ ಹಾಕುತ್ತಾರೆ! ದವಡೆಯಲ್ಲಿ ಒತ್ತಿ ಇಟ್ಟುಕೊಂಡು ಕುಂಡದಲ್ಲಿ ಉಗಿದರೆ ಯಾರಿಗೆ ಗೊತ್ತಾಗುತ್ತದೆ?

ಮನೆಗೆ ಬಂದೆ. ಅತ್ತೆಯವರು ರಮ್ಮಿಗೆ ಹೋಗಿದ್ದರು. ಸೀರೆ ಸೊಂಟಕ್ಕೆ ಸಿಕ್ಕಿಸಿಕೊಂಡು, ಅಡುಗೆಮನೆಯಿಂದ ಚಮಚ ತಂದು, ತುಳಸಿ ಕುಂಡ ಅಗೆಯಲು ಕೂತೆ. ಮೊದಲು ಮೇಲಿನ ಮಣ್ಣು, ಆಮೇಲೆ ಅಂಚಿನದು, ಆಮೇಲೆ ಬುಡದ್ದು. ನೀರು ತಾಗಿದರೆ ಗುಳಿಗೆ ಕರಗಿ ಹೋಗುತ್ತದೆ, ಆರು ವಾರದ ಗುಳಿಗೆ ಮಣ್ಣಿನಲ್ಲಿ ಹಾಗೇ ಕೂತಿರುವುದಿಲ್ಲ ಎಂಬುದು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ ನನ್ನ ತಲೆಗೆ ಹೊಳೆಯಲೇ ಇಲ್ಲ.

"ಏನ್ ಹುಡುಕ್ಲಿಕತ್ತೀಯವಾ?"

ಬಾಗಿಲಲ್ಲಿ ಅತ್ತೆಯವರು ನಿಂತಿದ್ದರು. ನನ್ನ ಮೊಣಕೈ ತನಕ ಮಣ್ಣು. ಪಕ್ಕದಲ್ಲಿ ಬೇರು ಸಹಿತ ಎತ್ತಿಟ್ಟ ತುಳಸಿ. ಗೊಬ್ಬರ ಹಾಕ್ತಿದ್ದೆ ಎನ್ನೋಣವೆಂದರೆ ಕೈಯಲ್ಲಿ ಚಮಚ. ಅವರು ಒಂದು ಕ್ಷಣ ಕುಂಡ ನೋಡಿದರು, ಒಂದು ಕ್ಷಣ ಚಮಚ ನೋಡಿದರು. ಅಷ್ಟರಲ್ಲಿ ಅವರಿಗೆ ಎಲ್ಲಾ ತಿಳಿದಿತ್ತು.

"ಸಿಕ್ಕೂ?" ಎಂದರು.

"ಇಲ್ಲರಿ."

ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ನಾನೂ ತಿರುಗಿ ಅನ್ನುತ್ತಿದ್ದೆ, ನನಗೆ ಅದು ಸುಲಭ. ಅವರು ಬಾಲ್ಕನಿಯ ಸ್ಟೂಲಿನ ಮೇಲೆ ಕೂತು ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡರು.

"ಮೂವತ್ತಾರು ವರ್ಷ ಲೆಕ್ಕಾ ಕಲಿಸೀನಿ," ಎಂದರು. "ಹುಡಿಗ್ಯಾರು ಲೆಕ್ಕಾ ಬಿಡಸತಿದ್ದರು, ಪುಸ್ತಕದ ಹಿಂದಿನ ಉತ್ತರಕ್ಕ ಹೊಂದತಿರಲಿಲ್ಲ. ಹೊಸಾ ಮಾಸ್ತರಗೋಳು ಹುಡಿಗ್ಯಾರನ್ನ ಬೈತಿದ್ದರು. ನಾ ಮೊದಲ ಲೆಕ್ಕಾ ನಾನ ಬಿಡಿಸಿ ನೋಡತಿದ್ದೆ. ಎಷ್ಟು ಸಲ ಪುಸ್ತಕದಾಗಿನ ಉತ್ತರನ ತಪ್ಪು ಅಚ್ಚಾಗಿರತಿತ್ತು ಗೊತ್ತದ ಏನು? ಹುಡುಗಿ ಹೆಜ್ಜಿ ಹೆಜ್ಜಿಗೆ ಸರಿ ಬಿಡಿಸಿದ್ದಳು ಅಂದರ, ಪುಸ್ತಕದ ಮ್ಯಾಲೆ ಸಂಶಯಾ ಪಡಬೇಕವಾ."

ಎದ್ದು ಒಳಗೆ ಹೋದರು. ನಾನು ತುಳಸಿಯನ್ನು ಮತ್ತೆ ನೆಟ್ಟೆ. ನೆಡುತ್ತಾ ನೆಡುತ್ತಾ ಮೈ ಬಿಸಿಯಾಯಿತು, ನಾಚಿಕೆಗೋ ಬಿಸಿಲಿಗೋ ತಿಳಿಯದು. ಪುಸ್ತಕದ ಉತ್ತರ ಎಂದರೆ ನನ್ನ ಯಂತ್ರ. ಅವರ ಟಿಎಸ್‌ಎಚ್ ಏರಲು ಶುರುವಾದದ್ದು ಯಾವಾಗ? ಯಂತ್ರ ಬಂದ ಮೇಲೆ. ಈ ಎರಡು ಮಾತನ್ನು ಪಕ್ಕಪಕ್ಕ ಇಟ್ಟು ನೋಡಲು ನನಗೆ ಒಂದು ಕುಂಡ ಅಗೆಯಬೇಕಾಯಿತು. ನಾವು ಕೊಡುವ ಪ್ರತಿ ರಿಪೋರ್ಟಿನ ಕೆಳಗೆ, ಈ ಅಂಕಿಯನ್ನು ರೋಗಿಯ ಲಕ್ಷಣಗಳ ಜೊತೆ ತಾಳೆ ನೋಡಬೇಕು ಎಂದು ಅಚ್ಚು ಹಾಕಿರುತ್ತೇವೆ. ಅದರ ಕೆಳಗೆ ನನ್ನದೇ ಸಹಿ. ನಡುಗುವ ಕೈ, ಬೆವರು, ನಿದ್ದೆಗೇಡು, ಹೊಡೆದುಕೊಳ್ಳುವ ಎದೆ, ಎಲ್ಲಾ ಗುಳಿಗೆ ಹೆಚ್ಚಾದವರ ಲಕ್ಷಣ. ಮನೆಯಲ್ಲೇ ಓಡಾಡುತ್ತಿದ್ದ ಲಕ್ಷಣಗಳನ್ನು ನಾನು ತಾಳೆ ನೋಡಿರಲಿಲ್ಲ.

ಮರುದಿನ ಬೆಳಗ್ಗೆ ಗುಳಿಗೆ ಕೊಡಲಿಲ್ಲ. "ಇವತ್ತ ಬ್ಯಾಡ್ರಿ. ರಕ್ತ ಒಂದಿಷ್ಟು ಜಾಸ್ತಿ ಬೇಕಾಗ್ಯದ," ಎಂದೆ. ಅವರು ತೋಳು ಚಾಚಿದರು. ನಾಲ್ಕು ಟ್ಯೂಬು ತುಂಬಿದೆ.

ಯಂತ್ರ ಹಾರ್ಮೋನು ಎಣಿಸುವ ರೀತಿ ಹೀಗೆ. ಅದರ ದ್ರವದಲ್ಲಿ ಎರಡು ಬಗೆಯ ಪ್ರತಿಕಾಯಗಳು ಇರುತ್ತವೆ. ಕಾಯಿಲೆಯ ಜೊತೆ ಹೋರಾಡಲು ನಮ್ಮ ಮೈ ತಯಾರಿಸುತ್ತದಲ್ಲ, ಅದೇ ಪ್ರತಿಕಾಯ. ಇವನ್ನು ಮಾತ್ರ ಇಲಿಯಿಂದ ಮಾಡಿರುತ್ತಾರೆ. ಒಂದು ಹಾರ್ಮೋನನ್ನು ಈ ಕಡೆಯಿಂದ ಹಿಡಿಯುತ್ತದೆ. ಇನ್ನೊಂದು ಬೆಳಕಿನ ಗುರುತು ಹೊತ್ತು ಆ ಕಡೆಯಿಂದ ಹಿಡಿಯುತ್ತದೆ. ನಡುವೆ ಹಾರ್ಮೋನು ಇದ್ದರೆ ಮಾತ್ರ ಎರಡೂ ಜೋಡಿಯಾಗಿ ಬೆಳಕು ಕಾಣುತ್ತದೆ. ಯಂತ್ರ ಆ ಬೆಳಕನ್ನು ಅಳೆದು ಅಂಕಿ ಹೇಳುತ್ತದೆ. ಆದರೆ ಕೆಲವರ ರಕ್ತದಲ್ಲಿ ಇಲಿಯದನ್ನು ಕಂಡರೆ ಸುಮ್ಮನಿರದ ಪ್ರತಿಕಾಯಗಳು ಇರುತ್ತವೆ. ಅವು ನಡುವೆ ನುಗ್ಗಿ, ಹಾರ್ಮೋನು ಇಲ್ಲದೆಯೂ ಆ ಎರಡನ್ನೂ ಜೋಡಿಸಿಬಿಡುತ್ತವೆ. ಬೆಳಕು ಬರುತ್ತದೆ, ಯಂತ್ರ ನಂಬುತ್ತದೆ. ಇದನ್ನು ನಾನು ಓದಿದ್ದೆ, ಪರೀಕ್ಷೆಯಲ್ಲಿ ಬರೆದು ಅಂಕ ಗಿಟ್ಟಿಸಿದ್ದೆ.

ಕಂಡುಹಿಡಿಯಲು ಮೊದಲ ಉಪಾಯ ಬಹಳ ಸರಳ. ಸಾರಿಗೆ ಅಷ್ಟೇ ನೀರು ಬೆರೆಸಿದರೆ ಉಪ್ಪು ಅರ್ಧವಾಗಬೇಕು. ರಕ್ತದ ನೀರನ್ನೂ ಅರ್ಧಕ್ಕೆ, ಕಾಲಿಗೆ ತೆಳು ಮಾಡಿದರೆ ಹಾರ್ಮೋನಿನ ಅಂಕಿ ಅದೇ ಲೆಕ್ಕದಲ್ಲಿ ಇಳಿಯಬೇಕು. ನಿಜವಾದ ಹಾರ್ಮೋನು ಲೆಕ್ಕ ತಪ್ಪುವುದಿಲ್ಲ, ನಡುವೆ ನುಗ್ಗಿದ ಪ್ರತಿಕಾಯ ತಪ್ಪುತ್ತದೆ. ನಾನು ತೆಳು ಮಾಡುವುದನ್ನು ಟೆಕ್ನಿಷಿಯನ್ ಬಾಯಿ ಸೊಂಟದ ಮೇಲೆ ಕೈ ಇಟ್ಟು ನೋಡುತ್ತಿದ್ದರು. "ಯಾರದು, ಇಷ್ಟು ಪ್ರೀತಿ?" ಎಂದು ಮರಾಠಿಯಲ್ಲಿ ಕೇಳಿದರು. ನಮ್ಮ ಅತ್ತೆಯವರದು ಎಂದೆ. ಅವರು ಸೊಂಟದಿಂದ ಕೈ ತೆಗೆದು, ಸ್ಟೂಲು ಎಳೆದುಕೊಂಡು ಪಕ್ಕದಲ್ಲೇ ಕೂತರು.

ಅರ್ಧಕ್ಕೆ ತೆಳು ಮಾಡಿದ್ದು ಹತ್ತರ ಹತ್ತಿರ ಬರಬೇಕಿತ್ತು, ಐದು ಬಂತು. ಕಾಲಿಗೆ ತೆಳು ಮಾಡಿದ್ದು ಐದು ಬರಬೇಕಿತ್ತು, ಒಂದರಷ್ಟೂ ಬರಲಿಲ್ಲ. ಫ್ರಿಜ್ಜಿನ ಮೂಲೆಯಲ್ಲಿ, ಇಂಥ ಪುಂಡ ಪ್ರತಿಕಾಯಗಳನ್ನು ಮೊದಲೇ ಹಿಡಿದು ಕಟ್ಟಿಹಾಕುವ ಒಂದು ವಿಶೇಷ ಟ್ಯೂಬು ಯಾವಾಗಲೋ ತರಿಸಿದ್ದು ಇತ್ತು. ರಕ್ತವನ್ನು ಅದರಲ್ಲಿ ಒಂದು ಗಂಟೆ ಇಟ್ಟು ಮತ್ತೆ ಹಾಕಿದೆ. ಇಪ್ಪತ್ತೊಂದು ಹೇಳಿದ್ದ ಯಂತ್ರ ಈಗ ಸೊನ್ನೆಗೆ ಸ್ವಲ್ಪವೇ ಮೇಲಿನ ಅಂಕಿ ಹೇಳಿತು. ಟೆಕ್ನಿಷಿಯನ್ ಬಾಯಿ, "ಅಯ್ಯೋ, ನಿಮ್ಮ ಸಾಸೂಬಾಯಿ ಪಾಪ!" ಎಂದರು. ಸಾಸೂಬಾಯಿ ಎಂದರೆ ಅತ್ತೆ. ಪಾಪ ಎಂಬ ಮಾತನ್ನು ಹದಿನೆಂಟು ವರ್ಷ ನನ್ನ ಜೊತೆ ಕೆಲಸ ಮಾಡಿ ಕನ್ನಡದಿಂದ ಕಲಿತದ್ದು.

ಆದರೂ ಇದು ನನ್ನ ಯಂತ್ರದ ಮಾತೇ ಆಯಿತಲ್ಲ. ಬೇರೆ ಸಾಕ್ಷಿ ಬೇಕಿತ್ತು. ಜಂಬವನ್ನು ನುಂಗಿ, ಉಳಿದ ಟ್ಯೂಬನ್ನು ಐಸ್ ಡಬ್ಬಿಯಲ್ಲಿ ಇಟ್ಟುಕೊಂಡು ಊರಿನ ಆ ಕಡೆ, ಕ್ಯಾಂಪ್ ಬಡಾವಣೆಯ ಇನ್ನೊಂದು ಲ್ಯಾಬಿಗೆ ಸ್ಕೂಟರಿನಲ್ಲಿ ಹೋದೆ. ಅಲ್ಲಿ ಬೇರೆ ಕಂಪನಿಯ ಯಂತ್ರ. ಅದನ್ನು ನೋಡಿಕೊಳ್ಳುವವಳು ಬೆಂಗಳೂರಿನಿಂದ ಬಂದ ನನ್ನ ಗೆಳತಿ. ನನ್ನ ಹೊಸ ಯಂತ್ರವನ್ನು ಅವಳೆದುರು ನಾನು ಎಷ್ಟು ಹೊಗಳಿದ್ದೆ ಎಂದರೆ, ಡಬ್ಬಿ ಕೊಡುವಾಗ ಯಾರದೋ ರೋಗಿಯದು ಎಂದಷ್ಟೇ ಹೇಳಿ ಬಂದೆ.

ಮಧ್ಯಾಹ್ನ ಫೋನು ಬಂತು.

"ಟಿಎಸ್‌ಎಚ್ ಇಲ್ಲವೇ ಇಲ್ಲ ಅನ್ನೋ ಅಷ್ಟು ಕಮ್ಮಿ ಇದೆ ಕಣೇ. ಇವರಿಗೆ ಗುಳಿಗೆ ಸಿಕ್ಕಾಪಟ್ಟೆ ಓವರ್ ಆಗ್ತಿದೆ. ವಯಸ್ಸಾದವರು, ಹಾರ್ಟಿಗೆ ಹೊಡೆತ ಬೀಳತ್ತೆ. ಯಾರು ಕೊಡ್ತಿರೋದು ಇಷ್ಟೊಂದು?"

"ನಾನೇ," ಎಂದೆ.

"ಏನು?"

"ದಿನಾ ಬೆಳಗ್ಗೆ, ನನ್ನ ಕೈಯಾರೆ. ಬಾಯಿ ತೆಗೆಸಿ ನೋಡಿ."

"ಅಂದ್ರೆ ನಿಮ್ಮ ಅತ್ತೆಯವರದಾ ಇದು?" ಎಂದಳು. ಆಮೇಲೆ ಅವಳು ನಗಲು ಶುರುಮಾಡಿದಳು. ನನಗೂ ನಗು ಬಂತು, ನಗುತ್ತಲೇ ಕಣ್ಣಲ್ಲಿ ನೀರೂ ಬಂತು. ಕೆಳಗಿನ ಕ್ಲಾಸಿನ ಹುಡುಗನೊಬ್ಬ ದಾರಿ ತಪ್ಪಿ ಬಂದು ಫೀ ಎಷ್ಟು ಎಂದ. ನಾನು ಕಣ್ಣೊರೆಸಿಕೊಂಡು ಕೈಯಿಂದಲೇ ಮೆಟ್ಟಿಲು ತೋರಿಸಿದೆ.

ಸಂಜೆ ಮನೆಯಲ್ಲಿ ಎಲ್ಲರನ್ನೂ ಕೂರಿಸಿ ಹೇಳಿದೆ. ಎರಡು ರಿಪೋರ್ಟುಗಳನ್ನೂ ಪಕ್ಕಪಕ್ಕ ಇಟ್ಟೆ. ತಪ್ಪಾಯ್ತು ಅತ್ತ್ಯಾರ ಎಂದೆ, ಕಾಲಿಗೆ ಬಗ್ಗಿದೆ. ಅವರು ಕಾಲು ಹಿಂದೆ ಎಳೆದುಕೊಂಡು, ಮೊದಲು ವಿಷಯ ಪೂರ್ತಿ ಹೇಳು ಎಂದರು. ಇಲಿಯ ಸಂಗತಿ ಬಂದಾಗ ಹುಬ್ಬು ಏರಿಸಿದರು.

"ಇಲಿ? ನನ್ನ ಮೈಯಾಗ ಇಲಿ ಕೂಡ ಜಗಳಾಡೋ ಮಂದಿ ಇದ್ದಾರ ಅಂತೀಯೇನು?"

"ಹೌದ್ರಿ."

"ಗಣಪತಿ ಊರಾಗ ಇದ್ದು ಅವನ ಗಾಡಿ ಕೂಡನ ಜಗಳಾ ತಗದಂಗಾತಲ್ಲ! ಮುಂದಿನ ಚೌತಿಗೆ ಒಂದು ತಪ್ಪು ಕಾಣಿಕಿ ಇಡಬೇಕು ನೋಡು."

ನಮ್ಮವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅದು ಎಲ್ಲಿಂದ ಬಂತು ಎಂದು ಅತ್ತೆಯವರು ಕೇಳಿದರು. ಹೆಚ್ಚಿನ ಸಲ ಕಾರಣ ಸಿಗುವುದೇ ಇಲ್ಲ, ಅದರಿಂದ ಅವರಿಗೆ ತೊಂದರೆಯೂ ಇಲ್ಲ, ತೊಂದರೆ ಯಂತ್ರಕ್ಕೆ ಮಾತ್ರ ಎಂದೆ. ಅದಕ್ಕೆ ಅವರು ಬಹಳ ಖುಷಿಪಟ್ಟರು. ನನ್ನ ಕಣ್ಣಿಗೆ ಕಂಡಂತೆ, ಯಂತ್ರಕ್ಕೆ ತಾವು ತೊಂದರೆ ಕೊಟ್ಟೆ ಎಂಬ ಮಾತಿಗೆ ಅವರು ಸ್ವಲ್ಪ ನೆಟ್ಟಗೆ ಕೂತರು. ಆಮೇಲೆ ರಿಪೋರ್ಟುಗಳನ್ನು ಮಡಚಿ, "ಇದೆಲ್ಲಾ ಇರಲಿ. ಆ ಸಾಲು?" ಎಂದರು.

ಮರುದಿನವೇ ಹೋದೆವು. ಅತ್ತೆಯವರು ಇಳಕಲ್ ಸೀರೆ ಉಟ್ಟಿದ್ದರು. ಡಾಕ್ಟರ ಹತ್ತಿರ ಯಾರು ಇಳಕಲ್ ಉಟ್ಟು ಹೋಗುತ್ತಾರೆ? ಫೈಲನ್ನು ನನ್ನ ಕೈಗೆ ಕೊಡಲಿಲ್ಲ, ರಿಕ್ಷಾದಲ್ಲಿ ತೊಡೆಯ ಮೇಲೆ ಇಟ್ಟುಕೊಂಡೇ ಕೂತರು. ಡಾಕ್ಟರು ಎರಡು ರಿಪೋರ್ಟುಗಳನ್ನು ಓದಿದರು, ತೆಳು ಮಾಡಿದ ಲೆಕ್ಕ ನೋಡಿದರು, ಮತ್ತೊಮ್ಮೆ ಓದಿದರು. ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು. ಅತ್ತೆಯವರ ನಾಡಿ ಹಿಡಿದು, ಎದೆ ಪರೀಕ್ಷಿಸಿ, ಹೃದಯಕ್ಕೆ ಏನೂ ಆಗಿಲ್ಲ, ಸರಿಯಾದ ಹೊತ್ತಿಗೆ ಬಂದಿರಿ ಎಂದರು. ಕೆಲವು ದಿನ ಗುಳಿಗೆ ಪೂರ್ತಿ ನಿಲ್ಲಿಸಿ, ಆಮೇಲೆ ಮೊದಲಿನ ಹಳೆಯ ಪ್ರಮಾಣಕ್ಕೆ ಇಳಿಸಿದರು. ಇನ್ನು ಇವರ ಥೈರಾಯಿಡ್ ಪರೀಕ್ಷೆ ಯಾವಾಗಲೂ ಕ್ಯಾಂಪಿನ ಲ್ಯಾಬಿನಲ್ಲೇ ಆಗಲಿ ಎಂದು ನಾನೇ ಹೇಳಿದೆ.

ಅತ್ತೆಯವರು ಫೈಲು ತೆರೆದು, ಆ ಪುಟ ಹುಡುಕಿ, ಸಾಲಿನ ಕೆಳಗೆ ಬೆರಳಿಟ್ಟು ಡಾಕ್ಟರ ಮುಂದೆ ತಿರುಗಿಸಿದರು. ಡಾಕ್ಟರ ಕಿವಿ ಕೆಂಪಾಯಿತು. "ಮಾಫ್ ಕರಾ, ಆಜೀ," ಎಂದು ಕ್ಷಮೆ ಕೇಳಿ ಆ ಸಾಲಿನ ಮೇಲೆ ಗೀಟು ಎಳೆದರು. ಅತ್ತೆಯವರ ಬೆರಳು ಅಲ್ಲಿಂದ ಏಳಲಿಲ್ಲ. ಡಾಕ್ಟರಿಗೆ ತಿಳಿಯಿತು. ಪಕ್ಕದಲ್ಲಿ, ರೋಗಿ ಗುಳಿಗೆಯನ್ನು ದಿನವೂ ಸರಿಯಾಗಿ ತೆಗೆದುಕೊಂಡಿದ್ದಾರೆ, ಪರೀಕ್ಷೆ ತಪ್ಪಿತ್ತು ಎಂದು ಬಿಡಿಬಿಡಿ ಅಕ್ಷರದಲ್ಲಿ ಬರೆದು ಸಹಿ ಹಾಕಿದರು. ಅತ್ತೆಯವರು ಎರಡು ಸಲ ಓದಿ ಫೈಲು ಮುಚ್ಚಿದರು.

ಡಾಕ್ಟರು ಹಗುರಾಗಿ, ನನ್ನ ಕಡೆ ತಿರುಗಿ ಹೊಗಳಲು ಶುರುಮಾಡಿದರು. ಎಷ್ಟೋ ದೊಡ್ಡ ಲ್ಯಾಬುಗಳಲ್ಲೂ ಇದು ಯಾರ ಕಣ್ಣಿಗೂ ಬೀಳುವುದಿಲ್ಲ, ಯಂತ್ರದ ಮೇಲೆ ನಿಮಗೆ ಸಂಶಯ ಹೇಗೆ ಬಂತು, ಯಾವ ಸುಳಿವು ಸಿಕ್ಕಿತು ಎಂದು ಕೇಳಿದರು. ಉತ್ತರ ನನ್ನ ನಾಲಿಗೆಯ ಮೇಲೇ ಇತ್ತು. ತೆಳು ಮಾಡುವ ಲೆಕ್ಕ, ವಿಶೇಷ ಟ್ಯೂಬು, ಇನ್ನೊಂದು ಯಂತ್ರ, ಎಲ್ಲವನ್ನೂ ಚೆನ್ನಾಗಿ ಹೇಳಬಲ್ಲೆ. ಪಕ್ಕದಲ್ಲಿ ಅತ್ತೆಯವರು ಫೈಲಿನ ದಾರ ಕಟ್ಟುತ್ತಿದ್ದರು. ನಡುಗುವ ಕೈಗೆ ಗಂಟು ಬೀಳುತ್ತಿರಲಿಲ್ಲ.

"ಸಂಶಯ ನನಗೆ ಬರಲಿಲ್ಲ ಸರ್," ಎಂದು ಮರಾಠಿಯಲ್ಲಿ ಹೇಳಿದೆ. "ದಿನಾ ತಗೋತೀನಿ ಅಂತ ಇವರೇ ಒಂದು ವರ್ಷದಿಂದ ಹೇಳ್ತಾ ಇದ್ದರು. ನಾನು ಕೇಳಲಿಲ್ಲ."

ಅತ್ತೆಯವರು ದಾರದಿಂದ ತಲೆ ಎತ್ತಲಿಲ್ಲ. "ವರ್ಷ ಅಲ್ಲವಾ," ಎಂದರು, ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ. "ಹದಿನಾಕು ತಿಂಗಳು."

ನಾನು ಡಾಕ್ಟರಿಗೆ ತಿದ್ದಿ ಹೇಳಿದೆ.